ಅಪ್ಪನನ್ನು ಉರುಳಿಸಿದ್ದು

ಗೋಕಾಕದ ಡಾಕ್ಟರಮ್ಮ ಎಕ್ಸ್‌-ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದಾಗ ನನಗೆ ಕಂಡದ್ದು ಗಾಳಿ ತುಂಬಿ ಎರಡಾಗಿ ಮಡಚಿದ ಸೈಕಲ್ ಟ್ಯೂಬು. ಅದು ಅಪ್ಪನ ದೊಡ್ಡ ಕರುಳು ಎಂದು ಅವರು ಹೇಳಿದ ಮೇಲೂ ನನಗೆ ಟ್ಯೂಬೇ ಕಾಣುತ್ತಿತ್ತು. ಕಲ್ಲೋಳಿಯಲ್ಲಿ ಕುರಿ, ಎಮ್ಮೆ ಸಾಕಿಕೊಂಡಿದ್ದ ಅಪ್ಪನಿಗೆ ಮೂರು ದಿನದಿಂದ ಹೊರಕಡೆಗೆ ಆಗಿರಲಿಲ್ಲ, ಗಾಳಿಯೂ ಹೋಗಿರಲಿಲ್ಲ. ಹೊಟ್ಟೆ ಡೊಳ್ಳಿನಂತೆ ಬಿಗಿದಿತ್ತು. ಮೂಡಲಗಿಯ ಡಾಕ್ಟರು ಹೊಟ್ಟೆಯನ್ನು ಬೆರಳಿಂದ ಬಡಿದು ನೋಡಿ ಸೀದಾ ಇಲ್ಲಿಗೆ ಕಳಿಸಿದ್ದರು.

"ಕರುಳ ತಿರುಚಿಕೊಂಡೈತ್ರಿ" ಎಂದ ಡಾಕ್ಟರಮ್ಮ ಕೆಳಗಿನಿಂದ ನಳಿಗೆ ಹಾಕಿದರು. ಗಾಳಿ ರಭಸದಿಂದ ಹೊರಬಂತು. ನೋಡನೋಡುತ್ತಲೇ ಹೊಟ್ಟೆ ಇಳಿಯಿತು. ಅಪ್ಪ ಚಹಾ ಕೇಳಿದ. ನಾನು ಮನೆಗೆ ಹೊರಡಲು ಚೀಲ ಎತ್ತಿಕೊಂಡೆ.

"ಎಲ್ಲಿಗ್ರಿ? ಈಗ ಬಿಚ್ಚೇತಿ ಖರೆ. ಆದ್ರ ಈ ಕರುಳ ಭಾಳ ಉದ್ದ ಐತಿ, ಮತ್ತ ತಿರುಗತೈತಿ. ಎರಡ್ಮೂರು ದಿನದಾಗ ಆಪರೇಷನ್ ಮಾಡಿ ಆ ತುಂಡು ತಗದು ಜೋಡಸ್ತೀವಿ."

ನನಗೆ ತಲೆಬುಡ ಅರ್ಥವಾಗಲಿಲ್ಲ. ಹೊಟ್ಟೆ ಉಬ್ಬಿದಾಗ ಕೊಯ್ಯದವರು ಇಳಿದ ಮೇಲೆ ಕೊಯ್ಯುವುದೇ? ಅಪ್ಪನಂತೂ ನಕ್ಕೇಬಿಟ್ಟ.

"ಎಮ್ಮಿ ಗರ್ಭಚೀಲ ತಿರುಗಿದ್ರ ಏನ್ ಮಾಡ್ತೀವಿ? ಕೆಡವಿ ಉರುಳಸ್ತೀವಿ. ಬಿಚ್ಕೊಂತು ಅಂದ್ರ ಮುಗೀತು. ಹೊಟ್ಟಿ ಕೊಯ್ತೀವೇನ್ ಯವ್ವಾ?"

ಈಯಲಾಗದೆ ಒದ್ದಾಡುವ ಎಮ್ಮೆ ಇದ್ದರೆ ಸುತ್ತಲಿನವರು ಅಪ್ಪನನ್ನೇ ಕರೆಯುತ್ತಿದ್ದರು. ಒಳಗೆ ಕೈ ಹಾಕಿ ಯಾವ ಕಡೆ ತಿರುಚಿದೆ ಎಂದು ತಿಳಿದು, ಕಾಲು ಕಟ್ಟಿಸಿ, ಅದೇ ಕಡೆಗೆ ಉರುಳಿಸುವುದರಲ್ಲಿ ಅವನದು ಎತ್ತಿದ ಕೈ. ಡಾಕ್ಟರಮ್ಮನ ಮಾತಿಗಿಂತ ಎಮ್ಮೆಯ ಮಾತು ನನಗೆ ಬೇಗ ತಿಳಿಯಿತು. ಆಪರೇಷನ್ ಬೇಡವೆಂಬ ಕಾಗದಕ್ಕೆ ಮಗಳಾದ ನಾನೇ ಸಹಿ ಹಾಕಿ ಅಪ್ಪನನ್ನು ಯಮಕನಮರಡಿಯ ನನ್ನ ಮನೆಗೆ ಕರೆತಂದೆ.

ತಿಂಗಳು ತುಂಬುವ ಮೊದಲೇ ಒಂದು ಬೆಳಗ್ಗೆ ಹೊಟ್ಟೆ ಮತ್ತೆ ಉಬ್ಬಿತು. ಗಾಡಿಗೆ ಫೋನ್ ಮಾಡಲು ಹೋದರೆ ಅಪ್ಪ ತಡೆದ.

"ಗಾಡಿ ಆಮ್ಯಾಲ. ಮೊದಲ ನನ್ನ ಉರುಳಸು."

ತಾನೇ ಅಂಗಳದಲ್ಲಿ ಮಲಗಿಕೊಂಡ. ಎಲ್ಲರ ಮೇಲೂ ಹರಿಹಾಯುವ ನಾನು ಅಂದು ಅವನು ಹೇಳಿದಂತೆ ಮಾಡಿದೆ. ಭುಜ, ಸೊಂಟ ಹಿಡಿದು ಬಲಕ್ಕೆ ಉರುಳಿಸಿದೆ. ಮೂರನೆಯ ಸಲಕ್ಕೆ ಅವನು ಚೀರಿದ. ನನ್ನ ಕೈಗಳು ನಿಂತವು.

"ಅಪ್ಪಾ, ಯಾವ ಕಡಿ ತಿರುಗೇತಿ? ಎಡಕ್ಕೋ, ಬಲಕ್ಕೋ?"

"ಗೊತ್ತಿಲ್ಲ ಯವ್ವಾ."

ಆ ಹೊಟ್ಟೆಗಿಂತ ಈ ಮಾತಿಗೇ ನನಗೆ ಹೆಚ್ಚು ಹೆದರಿಕೆಯಾಯಿತು.

ಗೋಕಾಕದಲ್ಲಿ ಈ ಸಲ ನಳಿಗೆಯ ಮಾತೇ ಬರಲಿಲ್ಲ, ನೇರ ಆಪರೇಷನ್. ಕಪ್ಪಾಗಿ ಸತ್ತಿದ್ದ ಕರುಳಿನ ತುಂಡು ತೆಗೆದರು. ಕೂಡಲೇ ಜೋಡಿಸಲು ಬರಲಿಲ್ಲ. ಕೆಲವು ತಿಂಗಳು ಅಪ್ಪನ ಮಲ ಹೊಟ್ಟೆಗೆ ಅಂಟಿಸಿದ ಚೀಲಕ್ಕೆ ಬಂತು.

"ನಾ ಉರುಳಿಸಿದ್ದಕ್ಕ ಹಿಂಗಾತೇನ್ರಿ?" ಎಂದು ಡಾಕ್ಟರಮ್ಮನನ್ನು ಕೇಳಿದ್ದೆ.

"ತಡಾ ಮಾಡಿದ್ದಕ್ಕ ಆಗೇತ್ರಿ. ಕರುಳಿಗೆ ರಕ್ತಾನ ಹೋಗಿದ್ದಿಲ್ಲ."

"ಯಾವ ಕಡಿ ತಿರುಗಿತ್ರಿ?"

ಅವರು ಗಾಳಿಯಲ್ಲಿ ಕೈ ತಿರುಗಿಸಿ ತೋರಿಸಿದರು. ಅವರು ನನಗೆ ಎದುರಾಗಿದ್ದರು. ಅವರ ಎಡ ನನಗೆ ಬಲ. ಅಪ್ಪನೋ ಅಂಗಾತ ಮಲಗಿದ್ದವನು. ಅಡಿಗೆಮನೆಯಲ್ಲಿ ನಿಂತು ಎಷ್ಟೋ ಸಲ ಹಾಗೆ ಕೈ ತಿರುಗಿಸಿ ನೋಡಿದ್ದೇನೆ, ಬಗೆಹರಿದಿಲ್ಲ.

ಈಗ ಕರುಳು ಜೋಡಿಸಿದ್ದಾರೆ, ಅಪ್ಪ ರೊಟ್ಟಿ ತಿನ್ನುತ್ತಾನೆ. ಮೊನ್ನೆ ಎಮ್ಮೆ ಕಟ್ಟುತ್ತ ಕೇಳಿದ:

"ಯಾವ ಕಡಿ ತಿರುಗಿತ್ತಂತ?"

"ಬಲಕ್ಕ" ಎಂದುಬಿಟ್ಟೆ.

"ಹಂಗಾದ್ರ ನೀ ಬರೋಬ್ಬರಿ ಉರುಳಿಸಿದ್ದಿ ಬಿಡು."

ಅವನು ಹಗ್ಗದಿಂದ ಕಣ್ಣೆತ್ತಲಿಲ್ಲ. ಎಡಕ್ಕೆ ಎಂದಿದ್ದರೂ ಅದನ್ನೇ ಹೇಳುತ್ತಿದ್ದನೇನೋ. ನಾನು ಸೆಗಣಿ ಬುಟ್ಟಿ ಎತ್ತಿಕೊಂಡು ಹಿತ್ತಲಿಗೆ ಹೋಗಿ ಅತ್ತೆ.