ಹಲಗೆ ಏರದ ರಂದಾ

ಕಳೆದ ತಿಂಗಳು ಮುಂಬಯಿಯ ಫೋರ್ಟಿನ ಒಂದು ಹಳೆಯ ಕಚೇರಿಯಲ್ಲಿ ಸಾಗವಾನಿ ಮೇಜೊಂದನ್ನು ಬಿಚ್ಚಬೇಕಾಗಿತ್ತು. ಯಾವ ಕಾಲದ್ದೋ ಏನೋ, ಒಂದು ಮೊಳೆಯೂ ಇಲ್ಲ, ಕೊಡತಿಯಿಂದ ಹೊಡೆದರೂ ಸಂದು ಜಗ್ಗಲಿಲ್ಲ. ಕುದಿಯುವ ನೀರು ತರಿಸಿ ಸುರಿದೆ. ಎರಡು ನಿಮಿಷಕ್ಕೆ ಆ ವಾಸನೆ ಎದ್ದಿತು. ಸರೇಸು. ದನದ ಚರ್ಮ, ಎಲುಬು ಕುದಿಸಿ ಮಾಡುವ ಹಳೆಯ ಕಾಲದ ಅಂಟು. ನನ್ನ ಕೆಲಸಗಾರರು ಮೂಗು ಮುಚ್ಚಿಕೊಂಡು, "ಸೇಠ್, ಅಂದರ್ ಕುಛ್ ಮರ್ ಗಯಾ ಕ್ಯಾ?" ಒಳಗೇನಾದರೂ ಸತ್ತಿದೆಯಾ ಎಂದು ನಕ್ಕರು. ನನಗೆ ನಗು ಬರಲಿಲ್ಲ. ಸತ್ತವರೊಬ್ಬರು ನೆನಪಾಗಿದ್ದರು. ಅವರು ಹೋಗಿ ಆರು ವರ್ಷವಾಯಿತು.

ವಡಾಲದ ನಮ್ಮ ಚಾಳಿನ ಹಿಂದೆ ಅವರದೊಂದು ತಗಡಿನ ಶೆಡ್ಡು. ಇಡೀ ಮುಂಬಯಿ ಬಿಳಿ ಅಂಟಿಗೆ ಬದಲಾದ ಮೇಲೂ ಅವರು ಡಬ್ಬಿಯಲ್ಲಿ ಸರೇಸು ಕುದಿಸುತ್ತಿದ್ದರು. ಚಾಳಿನವರೆಲ್ಲ ಬಯ್ಯುತ್ತಿದ್ದರು, ಅವರು ಯಾರಿಗೂ ಸೊಪ್ಪು ಹಾಕುತ್ತಿರಲಿಲ್ಲ. ಬೆಳಗಾವಿ ಕಡೆಯ ಹುಟ್ಟಾ ಬಡಿಗರು. ನಾವು ಅವರನ್ನು ಮಿಸ್ತ್ರಿ ಕಾಕಾ ಅನ್ನುತ್ತಿದ್ದೆವು. ನಮ್ಮದು ವಿಜಯಪುರದ ಅಂಗಡಿ ಮನೆತನ. ಉಳಿ ಹಿಡಿದವರು ಏಳು ತಲೆಯಲ್ಲಿ ಒಬ್ಬರೂ ಇಲ್ಲ.

ನನಗೆ ಇಪ್ಪತ್ನಾಲ್ಕು ವರ್ಷವಿದ್ದಾಗ ನಾನು ಕೆಲಸಕ್ಕಿದ್ದ ಕೊರಿಯರ್ ಆಫೀಸು ಬಾಗಿಲು ಹಾಕಿತು. ಮೂರು ತಿಂಗಳು ಮನೆಯಲ್ಲಿ ದಂಡಪಿಂಡದ ಹಾಗೆ ಕೂತೆ. ನೋಡಿ ನೋಡಿ ತಲೆಕೆಟ್ಟ ಅಪ್ಪ ಒಂದು ಭಾನುವಾರ ನನ್ನನ್ನು ಆ ಶೆಡ್ಡಿಗೆ ಎಳೆದುಕೊಂಡು ಹೋದರು. ಕಾಕಾ ನನ್ನ ಎರಡೂ ಅಂಗೈ ಹೊರಳಿಸಿ ನೋಡಿದರು.

"ತಕ್ಕಡಿ ಹಿಡಿಯೋ ಕೈ ಇವು. ಉಳಿ ಹಿಡಿದ್ರ ಉಳಿಗೇ ಅಪಮಾನ," ಅಂದರು. ಆಮೇಲೆ, "ಇರ್ಲಿ ಬಿಡ್ರಿ, ಕಸಾ ಹೊಡ್ಯಾಕರ ಒಬ್ಬಾಂವ ಬೇಕಾಗಿದ್ದ."

ಅಪ್ಪ ಹಲ್ಲುಗಿಂಜಿದರು. ನನಗೆ ಇಬ್ಬರ ಮೇಲೂ ಸಿಟ್ಟು ಬಂತು.

ಮೊದಲ ನಾಲ್ಕು ತಿಂಗಳು ಕಸ ಗುಡಿಸಿದೆ, ಉಳಿ ಮಸೆದೆ. ಅಷ್ಟೇ. ಧಾರ, ಅಂದರೆ ಹರಿತ, ಬಂದಿದೆಯೋ ಇಲ್ಲವೋ ನೋಡಲು ಅವರದು ಒಂದೇ ಪರೀಕ್ಷೆ. ಉಳಿಯನ್ನು ತಮ್ಮ ಎಡ ಮುಂಗೈ ಮೇಲೆ ಮೆಲ್ಲಗೆ ಎಳೆಯುತ್ತಿದ್ದರು. ಕೂದಲು ಉದುರಿದರೆ ಧಾರ ಬಂತು ಅಂತ. ಇಲ್ಲದಿದ್ದರೆ ಉಳಿ ಮತ್ತೆ ಕಲ್ಲಿಗೆ, ಬೈಗುಳ ನನಗೆ. ಅವರ ಎಡಗೈ ಯಾವಾಗಲೂ ಮೊಣಕೈತನಕ ಬೋಳಾಗಿರುತ್ತಿತ್ತು. ಕಲ್ಲು ಸರಿಯಿಲ್ಲ ಕಾಕಾ ಅಂದರೆ, "ಕುಣ್ಯಾಕ ಬರಲಾರದಾಕಿ ನೆಲಾ ಡೊಂಕು ಅಂದ್ಳಂತ" ಎಂದು ಗಿರಾಕಿಗಳ ಎದುರೇ ನಗುತ್ತಿದ್ದರು. ಹೊಗಳಿಕೆಯ ಮಾತು ಬಿಡಿ. ನನ್ನ ಕೆಲಸಕ್ಕೆ ಅವರು ತೋರಿಸಿದ ಅತಿ ದೊಡ್ಡ ಮರ್ಯಾದೆ ಎಂದರೆ, ಒಂದೆರಡು ಸಲ ಏನೂ ಅನ್ನದೆ ಇದ್ದದ್ದು.

ಮೊದಲ ವರ್ಷ, ಉಳಿದ ಕಟ್ಟಿಗೆಯಲ್ಲಿ ಒಂದು ಸ್ಟೂಲು ಮಾಡಿ ಅವ್ವನಿಗೆ ಕೊಟ್ಟೆ. ಅವಳು ಅದನ್ನು ಅಕ್ಕಪಕ್ಕದ ಖೋಲಿಯವರಿಗೆಲ್ಲ ತೋರಿಸಿದಳು. ಒಂದು ಸಂಜೆ ಕಾಕಾ ಚಹಕ್ಕೆ ಬಂದರು. ಸ್ಟೂಲನ್ನು ನೋಡಿದರು, ಬಗ್ಗಿ ಅದರ ಒಂದು ಕಾಲು ಹಿಡಿದು ಬರಿಗೈಯಲ್ಲಿ ತಿರುವಿದರು. ಕಾಲು ಹೊರಗೆ ಬಂತು. ಎರಡನೆಯದೂ ಬಂತು. ನಾಲ್ಕನ್ನೂ ಕಿತ್ತು ಸಾಲಾಗಿ ಜೋಡಿಸಿಟ್ಟು, "ಅಕ್ಕಾರ, ಇದರ ಮ್ಯಾಲ ಹತ್ತಿ ನೀವು ಬಿದ್ದಿದ್ರ ನನ್ನ ಹೆಸರು ಹೋಗ್ತಿತ್ತು," ಅಂದರು. ಅವ್ವ ಚಹ ಸೋಸಿ ಕೊಟ್ಟಳು. ಅವರು ಹೋದ ಮೇಲೆ ನಾನು ಬಾಯಿಗೆ ಬಂದಂತೆ ಬೈದೆ.

"ಬೈಬ್ಯಾಡ," ಅಂದಳು ಅವ್ವ. "ಕೈಲೇ ತಿರುವಿದ್ರ ಬಂತಲ್ಲೋ ಕಾಲು. ಅವರು ಅಂದಿದ್ದು ಖರೆ ಅದ."

ಅವತ್ತು ನನಗೆ ಅವ್ವನ ಮೇಲೂ ಸಿಟ್ಟು ಬಂತು.

ಇಷ್ಟೆಲ್ಲ ಸಹಿಸಿಕೊಳ್ಳಬಹುದಿತ್ತು. ಸಹಿಸಲಾಗದ್ದು ದಸರೆ. ಶೆಡ್ಡಿನ ನಡುವೆ ಒಂದು ಹಲಗೆ ಹಾಕಿ, ಗರಗಸ, ಉಳಿ, ರಂದಾ ಎಲ್ಲ ಒರೆಸಿ ಅದರ ಮೇಲಿಟ್ಟು, ವಿಭೂತಿ ಹಚ್ಚಿ, ಚೆಂಡುಹೂ ಏರಿಸಿ ಕಾಯಿ ಒಡೆಯುತ್ತಿದ್ದರು. ಕಾಕಾನ ಶೆಡ್ಡಿನಲ್ಲಿ ಅದಕ್ಕೊಂದು ಕಟ್ಟಳೆಯಿತ್ತು. ಯಾರ ಹತಾರ ಆ ಹಲಗೆ ಏರಿತೋ ಅವನು ಬಡಿಗ. ಏರದಿದ್ದರೆ ಅವನು ಕೂಲಿ. ಮೊದಲ ದಸರೆಗೆ ನಾನು ಹೊಸ ಉಳಿಯೊಂದನ್ನು ಕೊಂಡು, ರಾತ್ರಿ ಹಗಲು ಮಸೆದು ಅವರ ಕೈಗಿಟ್ಟೆ. ಮುಂಗೈ ಮೇಲೆ ಎಳೆದರು. ಒಂದು ಕೂದಲೂ ಅಲುಗಲಿಲ್ಲ.

"ಇದು ಉಳಿ ಅಲ್ಲ. ಕಬ್ಬಣ," ಅಂದರು. ಬಾಗಿಲ ಬಳಿ ಎಲ್ಲರೂ ಚಪ್ಪಲಿ ಬಿಟ್ಟಿದ್ದ ಜಾಗದಲ್ಲಿ ಅದನ್ನು ಇಟ್ಟುಬಂದರು.

ಎರಡನೆಯ ವರ್ಷವೂ ಹಾಗೇ ಆಯಿತು, ಮೂರನೆಯ ವರ್ಷವೂ. ನಾಲ್ಕನೆಯ ವರ್ಷ ಅವರ ಮುಂಗೈ ಮೇಲೆ ನನ್ನ ಉಳಿ ಓಡಿತು, ಕೂದಲು ಉದುರಿತು. ಅಷ್ಟು ಹೊತ್ತಿಗೆ ನಾನೊಬ್ಬನೇ ಒಂದು ಇಡೀ ಕಪಾಟು ಮಾಡಿದ್ದೆ, ಅದರ ಸಂದುಗಳನ್ನು ಮುಟ್ಟಿ ನೋಡಿ ಅವರು ಸುಮ್ಮನಿದ್ದರು. ಈ ಸಲ ತಪ್ಪುವುದಿಲ್ಲ ಅಂದುಕೊಂಡೆ.

"ಧಾರ ಬಂದೈತಿ," ಅಂದರು. ಉಳಿಯನ್ನು ಎರಡು ಸಲ ತಿರುಗಿಸಿ ನೋಡಿದರು. "ಕೈ ಬಂದಿಲ್ಲ."

ಮತ್ತೆ ಚಪ್ಪಲಿಗಳ ಜಾಗ. ಪೂಜೆ ಮುಗಿದ ಮೇಲೆ ಎಲ್ಲರಿಗೂ ಕೊಟ್ಟಂತೆ ನನಗೂ ಬನ್ನಿ ಎಲೆ ಕೊಟ್ಟು, "ಬನ್ನಿ ತಗೊಂಡು ಬಂಗಾರದಂಗ ಇರೂಣಪಾ," ಅಂದರು. ಬಂಗಾರವಂತೆ, ಅವರ ತಲೆ! ಎಲೆಯನ್ನು ಅಲ್ಲೇ ಕಿಸೆಗೆ ತುರುಕಿ, ಚಪ್ಪಲಿ ಮೆಟ್ಟಿ, ಉಳಿ ಎತ್ತಿಕೊಂಡು ಹೊರಟೆ. ಮರಳಿ ಆ ಶೆಡ್ಡಿಗೆ ಕಾಲಿಡಲಿಲ್ಲ.

ಮಲಾಡಿನಲ್ಲಿ ಕೆಲಸ ನಡೆಸಲು ಒಂದು ಗಾಳಾ ಬಾಡಿಗೆಗೆ ಹಿಡಿದೆ, ಅಪ್ಪ ಅವ್ವನನ್ನೂ ಆ ಕಡೆಗೇ ಕರೆದುಕೊಂಡು ಹೋದೆ. ಪ್ಲೈವುಡ್ಡು, ಮಷೀನು, ಹೊಸ ಬಿಲ್ಡಿಂಗುಗಳ ಅಡಿಗೆಮನೆ, ವಾರ್ಡ್‌ರೋಬು... ಕೆಲಸ ತಾನಾಗಿ ಬಂತು. ಕಾಕಾನ ಗಿರಾಕಿಗಳೂ ಒಬ್ಬೊಬ್ಬರಾಗಿ ನನ್ನ ಕಡೆ ಬಂದರು. ಕಾಕಾನ ಕಣ್ಣಿಗೆ ಪೊರೆ ಬಂದಿದೆ, ಆಪರೇಷನ್ ಮಾಡಿಸಿದ್ದು ಕೆಟ್ಟಿದೆ, ಗೆರೆ ನೆಟ್ಟಗೆ ಬರುವುದಿಲ್ಲ ಅಂತ ಆ ಗಿರಾಕಿಗಳೇ ಹೇಳಿದರು. ಸುಳ್ಳು ಯಾಕೆ ಹೇಳಲಿ, ನನಗೆ ಖುಷಿಯಾಯಿತು. ಪ್ರತಿ ದಸರೆಗೆ ನನ್ನ ಹಲಗೆಯ ಮೇಲೆ ಎಲ್ಲಕ್ಕಿಂತ ಮೊದಲು ಆ ಉಳಿಯನ್ನೇ ಇಡುತ್ತಿದ್ದೆ.

ಹೀಗೆ ಒಂಬತ್ತು ವರ್ಷ ಕಳೆಯಿತು. ಒಂದು ದಸರೆಯ ಬೆಳಿಗ್ಗೆ ನನ್ನ ಗಾಳಾದ ಬಾಗಿಲ ಚೌಕಟ್ಟನ್ನು ಕೈಯಿಂದ ತಡವುತ್ತ ಅವರು ನಿಂತಿದ್ದರು. ವಡಾಲದಿಂದ ಮಲಾಡಿಗೆ, ಎರಡು ಲೋಕಲ್ ಬದಲಿಸಿ, ಆ ಕಣ್ಣಿನಲ್ಲಿ ಒಬ್ಬರೇ ಹೇಗೆ ಬಂದರೋ! ಕಂಕುಳಲ್ಲಿ ಕೆಂಪು ಬಟ್ಟೆಯ ಗಂಟು ಹಿಡಿದು ಒಳಗೆ ಬಂದರು.

"ಚಾಳ ಕೆಡವಿದ್ರು," ಅಂದರು. "ಹೊಸಾದು ಕಟ್ಟೂತನಕ ನಮ್ಮನ್ನ ಟ್ರಾನ್ಸಿಟ್ ಬಿಲ್ಡಿಂಗಿನ್ಯಾಗ ಹಾಕ್ಯಾರ, ಆರನೇ ಮಾಳಗಿ. ಹತಾರ ಇಡಾಕ ಜಾಗಾ ಇಲ್ಲ ಅಂತ ಎಲ್ಲಾ ಕೊಟ್ಟಬಿಟ್ಟೆ. ಇದೊಂದು ನಮ್ಮಪ್ಪನ ರಂದಾ ಉಳದೈತಿ. ಒಂದ ದಸರಾನೂ ಹಲಗಿ ತಪ್ಪಿಲ್ಲ ಇದಕ್ಕ. ನಿನ್ನ ಹಲಗಿ ಮ್ಯಾಲ... ಇಡ್ತೀಯೇನಪಾ?"

ಕಟ್ಟಿಗೆಯ ಮೈ ನುಣುಪು ಮಾಡುವ ಆ ರಂದಾ ನನಗೆ ಗೊತ್ತಿದ್ದದ್ದೇ. ಅದನ್ನು ಮುಟ್ಟಲು ನನಗೆ ಅವರು ಎಂದೂ ಬಿಟ್ಟಿರಲಿಲ್ಲ. ಆ ಮನುಷ್ಯ ಯಾರನ್ನಾದರೂ ಏನಾದರೂ ಕೇಳಿದ್ದನ್ನು ನಾನು ನೋಡಿದ್ದು ಅದೇ ಮೊದಲು. ನನ್ನ ಆರು ಜನ ಕೆಲಸಗಾರರು ನೋಡುತ್ತ ನಿಂತಿದ್ದರು. ರಂದಾವನ್ನು ಕೈಗೆ ತೆಗೆದುಕೊಂಡೆ, ಒಂದು ಕಣ್ಣು ಮುಚ್ಚಿ ಬೆಳಕಿಗೆ ಹಿಡಿದು ನೋಡಿದಂತೆ ಮಾಡಿದೆ. ಅದರ ಅಲಗಿಗೆ ಬೆರಳು ಸಹ ತಾಗಿಸಲಿಲ್ಲ. ಏನು ಹೇಳಬೇಕು ಅನ್ನುವುದು ಒಂಬತ್ತು ವರ್ಷದಿಂದ ಬಾಯಲ್ಲೇ ಇತ್ತು.

"ಕಾಕಾ, ಇದು ರಂದಾ ಅಲ್ಲ. ಕಟಗಿ."

ಬಾಗಿಲಿಗೆ ಹೋಗಿ ಚಪ್ಪಲಿಗಳ ಪಕ್ಕದಲ್ಲಿ ಇಟ್ಟೆ. ಅವರಿಗೆ ಕಾಣುತ್ತಿರಲಿಲ್ಲ. ಆದರೆ ಇಟ್ಟ ಸಪ್ಪಳ ಎಲ್ಲಿಂದ ಬಂತು ಅನ್ನುವುದು ಕೇಳಿಸಿರಬೇಕು, ಮುಖ ಆ ಕಡೆ ತಿರುಗಿತು.

"ಧಾರ ಇಲ್ಲೇನು?"

"ಇಲ್ಲ."

"ನೋಡಿದೀ?"

"ನೋಡೀನಿ, ಕಾಕಾ."

"ಹಂಗಾರ ಖರೆ," ಅಂದರು. ಬೈಯಲಿಲ್ಲ. ಬೈದಿದ್ದರೆ ನನ್ನ ಜೀವ ತಣ್ಣಗಾಗುತ್ತಿತ್ತೇನೋ. ಗೋಡೆಗೆ ಒರಗಿ ಪೂಜೆ ಮುಗಿಯುವತನಕ ಕೂತರು. ಮಂಗಳಾರತಿಗೆ ಕೈಮುಗಿದರು, ಕೊಟ್ಟ ಕೊಬ್ಬರಿ ತಿಂದರು. ಏಳುವಾಗ ಅಂಗಿಯ ಕಿಸೆಯಿಂದ ಬನ್ನಿ ಎಲೆ ತೆಗೆದು ಕತ್ತಲಲ್ಲಿ ತಡಕಿದಂತೆ ನನ್ನ ಕೈ ಹುಡುಕಿ ಇಟ್ಟರು. "ಬಂಗಾರದಂಗ ಇರೂಣಪಾ." ಚಪ್ಪಲಿಗಳ ಪಕ್ಕದಲ್ಲಿ ತಡಕಿ ರಂದಾ ಎತ್ತಿಕೊಂಡು ಹೊರಟರು. ನಾನು ಸ್ಟೇಷನ್‌ತನಕ ಬಿಟ್ಟುಬರಲಿಲ್ಲ. ಅವತ್ತು ಮಧ್ಯಾಹ್ನ ಹೊಟ್ಟೆ ತುಂಬ ಶ್ರೀಖಂಡ ತಿಂದೆ, ಚೆನ್ನಾಗಿ ನಿದ್ದೆಯೂ ಬಂತು.

ಎರಡು ವರ್ಷದ ನಂತರ ಅವರು ತೀರಿಕೊಂಡದ್ದು ಗೊತ್ತಾಯಿತು. ಟ್ರಾನ್ಸಿಟ್ ಬಿಲ್ಡಿಂಗಿಗೆ ಹೋದೆ. ಕಾಕು, ಅಂದರೆ ಅವರ ಹೆಂಡತಿ, ಬಾಗಿಲು ತೆಗೆದಳು. ನನ್ನನ್ನು ಕೂರಿಸಿ ಆ ಕೆಂಪು ಬಟ್ಟೆಯ ಗಂಟನ್ನು ಮುಂದಿಟ್ಟಳು.

"ನಿನಗ ಕೊಡು ಅಂತ ಹೇಳಿದ್ರು," ಅಂದಳು. "ನಿನ್ನಲ್ಲಿಗೆ ಬರೂ ಮೊದ್ಲ ಎರಡ ದಿನಾ ಕುಂತ ಮಸದಿದ್ರಪಾ. ಮುಂಗೈ ಬೋಳಸಿ ನನಗ ತೋರಿಸಿದ್ರು. ತಿರಿಗಿ ಬಂದಾರ, 'ಧಾರ ಇಲ್ಲಂತ, ಅಂವ ನೋಡ್ಯಾನ, ನನಗ ತಿಳಿವಲ್ದು' ಅಂದ್ರು. ಅವತ್ತಿನಿಂದ ದಿನಾ ಕಲ್ಲು ಹಿಡಕೊಂಡ ಕುಂದರೂದ. ಎರಡೂ ಕೈ ಬೋಳಾದ್ವು, ಪರೀಕ್ಷಾ ಮಾಡಾಕ ಕೂದಲ ಉಳೀಲಿಲ್ಲ. 'ಈಗರ ಬಂತೇನ ನೋಡ' ಅಂತ ನನ್ನ ಕೇಳವ್ರು. ನನಗೇನ ತಿಳೀತೈತಿ ಅದರಾಗ?"

ನನ್ನ ಮೇಲೆ ಅವಳಿಗೆ ಯಾವ ಸಿಟ್ಟೂ ಇರಲಿಲ್ಲ. ಸಿಟ್ಟಾಗುವುದಕ್ಕೆ ಅವಳಿಗೆ ಏನಾದರೂ ಗೊತ್ತಿದ್ದರೆ ತಾನೇ! ಚಹ ಮಾಡಿ ಕೊಟ್ಟಳು. ಅವ್ವ ಅವತ್ತು ಕಾಕಾನಿಗೆ ಚಹ ಸೋಸಿ ಕೊಟ್ಟದ್ದು ನೆನಪಾಯಿತು. ಕಾಕಾ ದುಷ್ಟರೇ. ಇವತ್ತಿಗೂ ನಾನು ಹಾಗೇ ಅನ್ನುತ್ತೇನೆ. ನಾಲ್ಕನೆಯ ವರ್ಷ ಅವರು ಮಾಡಿದ್ದನ್ನು ನಾನು ಕ್ಷಮಿಸಿಲ್ಲ. ಆದರೆ ನಾಲ್ಕು ಸಲವೂ ಅವರು ನನ್ನ ಉಳಿಯನ್ನು ತಮ್ಮ ಕೈಮೇಲೆ ಎಳೆದು ನೋಡಿದ್ದರು. ನಾನು ನೋಡಲೇ ಇಲ್ಲ. ಯಾರ ಮಾತನ್ನೂ ನಂಬದ ಮನುಷ್ಯ ನನ್ನೊಬ್ಬನ ಮಾತು ನಂಬಿಬಿಟ್ಟರು...

ಫೋರ್ಟಿನಿಂದ ಬಂದ ಮೇಲೆ ಎಷ್ಟು ಸೋಪು ಹಚ್ಚಿದರೂ ಸರೇಸಿನ ವಾಸನೆ ಕೈಬಿಡಲಿಲ್ಲ. ಕಪಾಟು ತೆಗೆದು ಆ ರಂದಾವನ್ನು ಕೆಳಗಿಳಿಸಿದೆ. ಪ್ರತಿ ದಸರೆಗೂ ಇಳಿಸುತ್ತೇನೆ, ಈ ಸಲವಾದರೂ ಹಲಗೆಯ ಮೇಲೆ ಇಡೋಣ ಅಂತ. ಕಾಕಾನ ಅಪ್ಪನ ಕಾಲದ ಅಲಗು, ಮೊದಲೇ ಸವೆದದ್ದು. ಕಾಕಾ ಎರಡು ವರ್ಷ ಮಸೆದು ಮಸೆದು ಅದರ ಉದ್ದವನ್ನು ಒಂದು ಬೆರಳಿನ ಅಗಲಕ್ಕೆ ತಂದಿದ್ದಾರೆ. ಬೆಣೆ ಬಡಿದರೂ ಹಿಡಿಯುವುದಿಲ್ಲ, ರಂದಾದ ಬಾಯಿಗೆ ಮುಟ್ಟುವುದಿಲ್ಲ, ಜಾರಿ ಕೆಳಗೆ ಬೀಳುತ್ತದೆ. ಅದರಿಂದ ಇನ್ನು ಯಾರೂ ಏನನ್ನೂ ಕೀಸಲಾರರು.

ಅವತ್ತು ನಾನು ಆಡಿದ್ದು ಸುಳ್ಳು. ಈಗ ಅದು ರಂದಾ ಅಲ್ಲ, ಬರೀ ಕಟಗಿ. ಕಾಕಾ ನನ್ನ ಮಾತನ್ನು ಖರೆ ಮಾಡಿಯೇ ಹೋದರು.