ಕೆಂಗೇರಿಗೆ ಒಯ್ದ ಮೂರು ಫೋನು

ರಾಜಾಜಿನಗರದ ಕೈಗಾರಿಕಾ ಬಡಾವಣೆಯ ಫೋನು ಕಾರ್ಖಾನೆಯಿಂದ ನಾನೂ ಮಾಲೀಕ ರುದ್ರೇಶ್ ಅವರೂ ಹೊರಟಾಗ ಒಂಬತ್ತು ಗಂಟೆ ಹತ್ತು ನಿಮಿಷ. ಗೊತ್ತುಮಾಡಿದ ವೇಳೆಗಿಂತ ಹತ್ತು ನಿಮಿಷ ತಡ. ತಡವಾದದ್ದು ರುದ್ರೇಶ್ ಅವರ ತಾಯಿ ಗೌರಮ್ಮನವರಿಂದ. ಮಠದಿಂದ ತಂದ, ಗುರುಗಳ ಚಿತ್ರವಿದ್ದ ಚಿನ್ನದ ಬಣ್ಣದ ಮೂರು ತೆಳು ತಗಡುಗಳನ್ನು ಹಿಡಿದು ಅವರು ಗೇಟಿನಲ್ಲಿ ನಿಂತಿದ್ದರು. ನಾವು ಒಯ್ಯುತ್ತಿದ್ದ ಮೂರು ಫೋನುಗಳ ಕವರಿನೊಳಗೆ ಒಂದೊಂದನ್ನು ತಾವೇ ಇಟ್ಟರು. ಕಣ್ಣು ಮಂಜಾದ್ದರಿಂದ ತಗಡುಗಳು ಓರೆಯಾಗಿ ಕೂತವು. ಓರೆಯಾದದ್ದನ್ನು ನೋಡಿ ಸುಮ್ಮನಿರುವುದು ನನ್ನಿಂದಾಗದು. ಮೂರನ್ನೂ ತೆಗೆದು, ಅಂಚಿಗೆ ಅಂಚು ಸೇರಿಸಿ, ನೆಟ್ಟಗೆ ಕೂರಿಸಿದೆ.

ನಾನು ಮೂವತ್ತೊಂದು ವರ್ಷ ಟೆಲಿಫೋನ್ ಕಾರ್ಖಾನೆಯೊಂದರ ಪರೀಕ್ಷಾ ವಿಭಾಗದಲ್ಲಿ ಸೈರನ್ನಿಗೆ ಎದ್ದು ಸೈರನ್ನಿಗೆ ಕೂತವಳು. ನಿವೃತ್ತಳಾದ ಮೇಲೆ ರುದ್ರೇಶ್ ತಮ್ಮ 'ನೇಸರ' ಫೋನುಗಳ ಪರೀಕ್ಷೆಯನ್ನು ನನಗೆ ಒಪ್ಪಿಸಿದ್ದರು. ಒಂದು ಕಾಲಕ್ಕೆ ಈ ಕಡೆಯ ಪ್ರತಿ ಅಂಗಡಿಯಲ್ಲೂ ಕಣ್ಣಿಗೆ ಬೀಳುತ್ತಿದ್ದ ನೇಸರ ಈಗ ಗಾಜಿನ ಕಪಾಟಿನ ಕೆಳಗಿನ ಸಾಲಿಗೆ ಇಳಿದಿತ್ತು. ಉಳಿದಿದ್ದ ಆಸೆ ಎನ್‌ಎಫ್‌ಸಿ ಒಂದೇ. ಅಂಗಡಿಯ ಮೇಜಿಗೆ ನಾಣ್ಯದಗಲದ ಬಿಲ್ಲೆಯೊಂದನ್ನು ಅಂಟಿಸಿರುತ್ತಾರೆ. ಫೋನಿನ ಬೆನ್ನನ್ನು ಅದಕ್ಕೆ ಸೋಕಿಸಿದರೆ ಹಣ ಕಟ್ಟುವ ಪುಟ ತಾನೇ ತೆರೆದುಕೊಳ್ಳುತ್ತದೆ. ಸ್ಕ್ಯಾನ್ ಮಾಡಬೇಕಿಲ್ಲ. ನನ್ನಂತೆ ಕೈ ನಡುಗುವವರಿಗೆ ಅದೆಷ್ಟು ಉಪಕಾರವೆಂದು ನಾನು ಬಲ್ಲೆ. ಅಗ್ಗದ ಫೋನಿನಲ್ಲಿ ಅದನ್ನು ಕೊಡುವುದು ರುದ್ರೇಶ್ ಅವರ ಲೆಕ್ಕಾಚಾರ. ಕೆಂಗೇರಿಯ ವಿತರಕ ನಂಜುಂಡಪ್ಪನವರು ಒಪ್ಪಿದರೆ ಸೋಮವಾರದಿಂದ ಫೋನು ಜೋಡಿಸುವ ಕೆಲಸ ಶುರು. ಒಪ್ಪದಿದ್ದರೆ ನಮ್ಮ ಕಾರ್ಖಾನೆಯಲ್ಲಿ ದುಡಿಯುವ ಹದಿನೆಂಟು ಹೆಂಗಸರಿಗೆ ಬರಬೇಡಿ ಎನ್ನಬೇಕು. ಅವರಿಗೂ ಇದು ಗೊತ್ತಿತ್ತು.

ವಿಜಯನಗರಕ್ಕೆ ಆಟೋದವನು ನೂರೈವತ್ತು ಕೇಳಿ ನೂರಿಪ್ಪತ್ತಕ್ಕೆ ಬಂದ. ಮೋಡ ಕವಿದಿತ್ತು, ಸೆಕೆ ಇತ್ತು. ಮೆಟ್ರೋ ಹತ್ತುವ ಮುನ್ನ ನಾನು ಯಾವಾಗಲೂ ಮಾತ್ರೆ ಕೊಳ್ಳುವ ಔಷಧಿ ಅಂಗಡಿಗೆ ಹೋದೆವು. ಅಲ್ಲಿ ಹಿಂದಿನ ವಾರವೇ ಒಂದು ಬಿಲ್ಲೆ ಅಂಟಿಸಿದ್ದೆವು. ಒಮ್ಮೆ ತಾಲೀಮು ಆಗಲಿ ಎಂದು ರುದ್ರೇಶ್ ಒಂದು ಫೋನನ್ನು ಸೋಕಿಸಿದರು. ಏನೂ ಆಗಲಿಲ್ಲ.

"ಏನ್ ಮೇಡಂ, ನಿಮ್ಮ ಫೋನು ಮುನಿಸ್ಕೊಂಡಿದೆಯಾ?" ಎಂದರು ಅಂಗಡಿಯ ಸತೀಶ್.

"ನೀವು ಬಿಲ್ಲೆ ಮೇಲೆ ಸಿರಪ್ ಚೆಲ್ಲಿದೀರ ಕಣ್ರೀ," ಎಂದರು ರುದ್ರೇಶ್.

"ಆ ಸಿರಪ್ ಕುಡಿದ್ರೆ ಮೂಗರೂ ಮಾತಾಡ್ತಾರೆ ಸಾರ್. ಬಿಲ್ಲೆ ಮಾತಾಡಲ್ವಾ?"

ಬಿಲ್ಲೆ ನಿಜವಾಗಿಯೂ ಅಂಟಂಟಾಗಿತ್ತು. ಉಳಿದೆರಡು ಫೋನುಗಳನ್ನೂ ನೋಡಬೇಕಿತ್ತು. ಆದರೆ ನಾನು ಬರೆದಿಟ್ಟುಕೊಂಡಿದ್ದ ವೇಳೆಯ ಚೀಟಿಯಲ್ಲಿ ಮೆಟ್ರೋಗೆ ಹತ್ತು ಗಂಟೆ ಹತ್ತು ನಿಮಿಷ ಎಂದಿತ್ತು. ಆಗಲೇ ಹತ್ತೂ ಐದು. "ನಡೀರಿ, ಟೈಮಾಯ್ತು," ಎಂದವಳು ನಾನೇ.

ರೈಲಿನಲ್ಲಿ ಕೂರಲು ಜಾಗ ಸಿಕ್ಕಿದ್ದು ನಾಯಂಡಹಳ್ಳಿ ದಾಟಿದ ಮೇಲೆ. ಬೆಳಗ್ಗೆಯಿಂದ ಏನೂ ತಿನ್ನದ ರುದ್ರೇಶ್ ಹೇಳಬೇಕಾದ ಮಾತುಗಳನ್ನು ತುಟಿಯಲ್ಲೇ ಉರು ಹೊಡೆಯುತ್ತಿದ್ದರು. ಕೆಂಗೇರಿಯಲ್ಲಿಳಿದು, ಇನ್ನೊಂದು ಆಟೋ ಹಿಡಿದು, ಹನ್ನೊಂದಕ್ಕೆ ಸರಿಯಾಗಿ ಉಪನಗರದ ಅಂಗಡಿ ತಲುಪಿದೆವು.

ನಂಜುಂಡಪ್ಪನವರು ಕುರ್ಚಿ ಹಾಕಿಸಿದರು, ಕಾಫಿ ತರಿಸಿದರು. ಹೊಸ ಬಿಲ್ಲೆಯನ್ನು ಮೇಜಿನ ಮೇಲಿಟ್ಟು ರುದ್ರೇಶ್ ಮೊದಲ ಫೋನನ್ನು ಸೋಕಿಸಿದರು. ತೆರೆಯಲಿಲ್ಲ. ಎರಡನೆಯದೂ ಇಲ್ಲ. ಮೂರನೆಯದನ್ನು ಒತ್ತಿ ಒತ್ತಿ ಇಟ್ಟರು.

"ರುದ್ರೇಶಣ್ಣ, ಸೋಕ್ಸಿದ್ರೆ ಸಾಕು ಅಂದ್ರಿ. ನೀವು ನೋಡಿದ್ರೆ ಪಾತ್ರೆ ಉಜ್ಜಿದಂಗೆ ಉಜ್ತಾ ಇದೀರ," ಎಂದರು ನಂಜುಂಡಪ್ಪ.

ಆಗ ಕವರಿನ ಅಂಚಿನಲ್ಲಿ ಚಿನ್ನದ ಗೆರೆ ಮಿನುಗಿದ್ದು ನನಗೆ ಕಂಡಿತು. ಲೋಹ ಅಡ್ಡ ಬಂದರೆ ಈ ಅಲೆ ಹಾಯುವುದಿಲ್ಲ. ಇದು ನನ್ನ ಕಸುಬಿನ ಮೊದಲ ಪಾಠ. ಕವರು ಬಿಚ್ಚಿ, ತಗಡನ್ನು ಕರವಸ್ತ್ರದ ಮೇಲಿಟ್ಟು, ಫೋನನ್ನು ಸೋಕಿಸಿದೆ. ಟಿಣ್ ಎಂದಿತು. ಪುಟ ತೆರೆಯಿತು. ಉಳಿದೆರಡೂ ಹಾಗೆಯೇ ತೆರೆದವು.

"ತಗಡು ಅಡ್ಡ ಇತ್ತು ಸಾರ್. ತಪ್ಪು ನಂದು," ಎಂದೆ.

ನಂಜುಂಡಪ್ಪನವರು ನಗಲಿಲ್ಲ. ಅಂಗಡಿಯಲ್ಲಿದ್ದವರ ಕಡೆ ತಿರುಗಿ, "ಎಲ್ರೂ ಒಂದ್ಸಲ ನಿಮ್ಮ ಫೋನ್ ತಿರುಗ್ಸಿ," ಎಂದರು. ಮಾರಾಟದ ಹುಡುಗಿಯ ಫೋನಿನ ಹಿಂದೆ ಮೆಟ್ರೋ ಕಾರ್ಡು, ಅದೂ ಅಲೆಗೆ ಅಡ್ಡಿಯೇ. ರೀಚಾರ್ಜಿಗೆ ಬಂದಿದ್ದ ಹೂವಿನವಳ ಫೋನಿನ ಹಿಂದೆ ದೇವಿಯ ತಗಡು. ಇನ್ನೊಬ್ಬರದರಲ್ಲಿ ಬೆರಳು ತೂರಿಸುವ ಉಕ್ಕಿನ ಉಂಗುರ.

"ನಮ್ಮ ಗಿರಾಕಿಗಳು ಇವರೇ. ಎಲ್ರದ್ದೂ ನಾನು ಬಿಚ್ಚಿಸ್ಕೊಂಡು ಕೂತ್ಕೊಳ್ಲಾ?"

"ಹೇಳಿದ್ರೆ ತೆಗೀತಾರೆ ಅಣ್ಣ," ಎಂದರು ರುದ್ರೇಶ್.

"ನಿಮ್ಮ ಫೋನಿಗೆ ಯಾರಿಟ್ರು?"

"ಅಮ್ಮ."

"ಅಮ್ಮನಿಗೆ ಹೇಳ್ತೀರಾ, ತೆಗೀರಿ ಅಂತ?"

ರುದ್ರೇಶ್ ಫೋನುಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿದರು. ನಂಜುಂಡಪ್ಪನವರು ಬಾಗಿಲವರೆಗೂ ಬಂದು ಬೀಳ್ಕೊಟ್ಟರು. ಆರ್ಡರ್ ಕೊಡಲಿಲ್ಲ.

ಮರಳುವಾಗ ರೈಲು ಖಾಲಿ ಇತ್ತು. ಚೀಲದಿಂದ ಪರೀಕ್ಷೆಯ ಪಟ್ಟಿ ತೆಗೆದು ನೋಡಿದೆ. ಅಂಶಗಳಿಗೆಲ್ಲ ಗುರುತು, ಕೆಳಗೆ ನನ್ನ ರುಜು. ಮೊದಲ ಸಾಲು ನನ್ನದೇ ಅಕ್ಷರ: ಕವರ್ ತೆಗೆದು ಪರೀಕ್ಷಿಸಬೇಕು. ಕವರ್ ಹಾಕಿ ನೋಡಬೇಕೆಂದು ನನಗೆ ಒಂದು ದಿನವೂ ಹೊಳೆದಿರಲಿಲ್ಲ.

"ಅಲೆ ಹಿಡಿಯೋ ಒಳಗಿನ ಕಾಯಿಲ್ಲನ್ನ ಮೇಲಕ್ಕೆ, ಕ್ಯಾಮೆರಾ ಪಕ್ಕಕ್ಕೆ ಹಾಕಿದ್ರೆ ಆಗಲ್ವಾ ಮೇಡಂ?" ಎಂದರು ರುದ್ರೇಶ್.

"ಆಗುತ್ತೆ. ಹೊಸ ವಿನ್ಯಾಸ, ಹೊಸ ಅಚ್ಚು. ಆರು ತಿಂಗಳು ಬೇಕು."

"ಸೋಮವಾರಕ್ಕೆ ಇನ್ನು ಮೂರು ದಿನ," ಎಂದು ಅವರು ಕಿಟಕಿಯ ಕಡೆ ತಿರುಗಿದರು.

ಆಟೋ ಕಾರ್ಖಾನೆಯ ಬೀದಿಗೆ ತಿರುಗಿದಾಗ ಗೌರಮ್ಮನವರು ಗೇಟಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದು ಕಂಡಿತು. "ಮೇಡಂ, ತಗಡು..." ಎಂದರು ರುದ್ರೇಶ್. ಕರವಸ್ತ್ರ ಬಿಚ್ಚಿ ಮೂರನ್ನೂ ಮತ್ತೆ ಕವರಿನೊಳಗೆ ಕೂರಿಸಿದೆ. ಅಂಚಿಗೆ ಅಂಚು.

ಗೌರಮ್ಮನವರು ಒಂದು ಫೋನನ್ನು ಇಸಿದುಕೊಂಡು ಬೆನ್ನು ಸವರಿದರು. "ಒಂಚೂರೂ ಜರುಗಿಲ್ಲ ನೋಡಿ. ಫೋನು ಸರಿಯಾಗ್ ನಡೀತೇನಪ್ಪಾ?"

"ನಡೀತಮ್ಮ," ಎಂದು ರುದ್ರೇಶ್ ಒಳಗೆ ಹೋದರು.

ಉಳಿದ ಕೆಲಸವನ್ನು ಅವರು ನನಗೆ ಬಿಟ್ಟರು. ಹಾಜರಿ ಪುಸ್ತಕ ತೆರೆದು, ಹೆಸರಿದ್ದ ಕ್ರಮದಲ್ಲೇ, ಹದಿನೆಂಟು ಹೆಂಗಸರಿಗೂ ಕರೆ ಮಾಡಿದೆ. ಮಾಡಿದ್ದು ಆ ಮೂರರಲ್ಲೊಂದು ಫೋನಿನಿಂದ. ಕರೆಗೆ ತಗಡು ಅಡ್ಡ ಬರುವುದಿಲ್ಲ. ಪ್ರತಿಯೊಬ್ಬರ ದನಿಯೂ ಸ್ಪಷ್ಟವಾಗಿ ಕೇಳಿಸಿತು.