ಕುತ್ತಿಗೆ ಒಣಗದ ಈರುಳ್ಳಿ

ಮೇ ತಿಂಗಳ ಮೊದಲ ಭಾನುವಾರ. ಬೆಳಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ. ಸ್ಥಳ: ಭಟ್ಕಳದಲ್ಲಿ ಅಕ್ಕನ ಅಡುಗೆಮನೆ. ಹಾಜರಿದ್ದವರು: ನಾನು, ಅಕ್ಕ, ಮತ್ತು ಹಳೆಯ ಪೇಪರಿನ ಮೇಲೆ ಮಲಗಿಸಿದ ಎರಡು ಗೊಂಚಲು ಈರುಳ್ಳಿ.

(ಮೂವತ್ತೊಂದು ವರ್ಷ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿ ಡ್ಯೂಟಿ ರಿಪೋರ್ಟ್ ಬರೆದ ಕೈ ಇದು. ಏನು ಬರೆದರೂ ಹೀಗೇ ಶುರುವಾಗುತ್ತದೆ. ನಿಮಗೆ ಗೊತ್ತೇ ಇದೆ.)

ಈರುಳ್ಳಿಯ ಸ್ಥಿತಿ ಗಂಭೀರವಾಗಿತ್ತು. ಒತ್ತಿದರೆ ಬೆರಳು ಒಳಗೇ ಹೋಗುತ್ತಿತ್ತು. ವಾಸನೆಯ ವಿಷಯ ಬೇಡ, ನೀವು ತಿಂಡಿ ತಿನ್ನುತ್ತಾ ಓದುತ್ತಿರಬಹುದು.

"ಎಂತದೇ ಇದು?" ಅಕ್ಕ ಕೇಳಿದಳು. "ನೀ ತಂದ್ಕೊಟ್ಟಿದ್ದು ನೀರುಳ್ಳಿಯೋ, ಸತ್ತ ಇಲಿಯೋ?"

ಅವಳಿಗೆ ಎಪ್ಪತ್ತಾರು, ನನಗೆ ಅರವತ್ತೊಂಬತ್ತು. ಬೈಯುವ ಹಕ್ಕು ಅವಳದು. ನನ್ನ ಮನೆಯ ಎರಡು ಗೊಂಚಲು ಮೂರು ದಿನ ಮೊದಲೇ ತೆಂಗಿನ ಬುಡ ಸೇರಿದ್ದವು. ಅದನ್ನು ನಾನು ಹೇಳಲಿಲ್ಲ.

ಆದರೆ ಇದು ನಕ್ಕು ಬಿಡುವ ವಿಷಯವಲ್ಲ. ಅಕ್ಕನ ಹೊಟ್ಟೆಗೆ ಖಾರ ಆಗುವುದಿಲ್ಲ. ಡಾಕ್ಟರು ಉಪ್ಪಿನಕಾಯಿ ಬಿಡಿಸಿ ಆರು ವರ್ಷವಾಯಿತು. ಮಳೆಗಾಲ ಪೂರ್ತಿ ಅವಳು ಗಂಜಿಗೆ ನಂಚಿಕೊಳ್ಳುವುದು ಕುಮಟೆಯ ಸಿಹಿ ಈರುಳ್ಳಿ ಒಂದನ್ನೇ. ಬೇರೆ ಈರುಳ್ಳಿ ಹಸಿಯಾಗಿ ತಿಂದರೆ ಎದೆ ಉರಿ. ಕುಮಟೆಯದು ಸಿಗುವುದು ಬೇಸಿಗೆಯಲ್ಲಿ ಮಾತ್ರ. ಆಗಲೇ ತಂದು ಅಡುಗೆಮನೆಯಲ್ಲಿ ತೂಗುಹಾಕಿಟ್ಟರೆ ಚೌತಿ ದಾಟುವವರೆಗೆ ಚಿಂತೆಯಿಲ್ಲ. ತಂದುಕೊಡುವ ಕೆಲಸ ನನ್ನದು.

ಮತ್ತೆ ಕೊಳೆತದ್ದು ಹೇಗೆ?

ನನ್ನ ಡೈರಿಯಲ್ಲಿ ಪ್ರತಿ ವರ್ಷ ಏಪ್ರಿಲ್ ಹದಿನೈದಕ್ಕೆ ಒಂದೇ ಪದ: 'ಈರುಳ್ಳಿ'. ಅವತ್ತು ಹೊನ್ನಾವರದಿಂದ ಏಳೂವರೆ ಬಸ್ಸು ಹತ್ತುತ್ತೇನೆ. ಕುಮಟೆಯ ಹತ್ತಿರ ಹೈವೇ ಬದಿಯಲ್ಲಿ, ಗಳಕ್ಕೆ ಗೊಂಚಲು ತೂಗುಹಾಕಿಕೊಂಡು ಸಾಲಾಗಿ ಕೂತಿರುತ್ತಾರಲ್ಲ, ಅವರಲ್ಲಿ ಮಾದೇವಿಯ ಹತ್ತಿರವೇ ಕೊಳ್ಳುವುದು. ಬೆಳೆಯುವವಳೂ ಅವಳೇ, ಮಾರುವವಳೂ ಅವಳೇ.

ಈ ಸಲ ಮಾದೇವಿ ಕೊಡಲೇ ಇಲ್ಲ!

"ತಿನ್ನೂಕೆ ಬೇಕಾದ್ರೆ ಒಂದ್ ಗೊಂಚಲು ತಕಂಡೋಗಿ ಸಿಸ್ಟರಮ್ಮಾ. ಇಡೂಕೆ ಬೇಡ," ಎಂದಳು. "ಈ ವರ್ಷ ಮಳೆ ಹೋಗೂಕೇ ತಡ ಆತು, ನಾಟಿನೂ ತಡ. ಕುತ್ತಿಗೆ ಇನ್ನೂ ಹಸಿ ಅದೆ. ಹದಿನೈದು ದಿನ ಬಿಟ್ಟು ಬನ್ನಿ."

"ನಾನು ಯಾವಾಗ್ಲೂ ಇದೇ ತಾರೀಕಿಗೆ ಬರೂದಲ್ವಾ?"

"ನೀವು ಬಂದ್ರಿ. ನೀರುಳ್ಳಿ ಬರ್ಬೇಕಲ್ಲ!"

ಮಾರುವವಳೇ ಬೇಡ ಎನ್ನುವಾಗ ಕೊಳ್ಳುವವಳು ಏನು ಮಾಡಬೇಕು? ಬುದ್ಧಿಯಿದ್ದರೆ ವಾಪಸ್ ಬಸ್ಸು ಹತ್ತಬೇಕು. ನಾನು ಹತ್ತು ಹೆಜ್ಜೆ ಮುಂದೆ ನಡೆದು, ಇನ್ನೊಬ್ಬರ ಹತ್ತಿರ ನಾಲ್ಕು ಗೊಂಚಲು ಕೊಂಡೆ. (ಅವರು ಏನೂ ಹೇಳಲಿಲ್ಲ. ನಾನು ಕೇಳಲೂ ಇಲ್ಲ.) ಎರಡನ್ನು ಅವತ್ತೇ ಭಟ್ಕಳಕ್ಕೂ ಮುಟ್ಟಿಸಿದೆ. ಸಂಜೆ ಡೈರಿಯಲ್ಲಿ ಟಿಕ್ ಹಾಕಿದಾಗ ಎಂಥಾ ಸಮಾಧಾನ!

ಆ ಟಿಕ್ಕಿನ ಫಲ ಈಗ ಪೇಪರಿನ ಮೇಲೆ ಮಲಗಿತ್ತು.

"ಈಗಲೇ ಕುಮಟೆಗೆ ಹೋಗಿ ಬರ್ತೇನೆ," ಎಂದೆ. ಮಳೆ ಶುರುವಾಗುವುದಕ್ಕೆ ತಿಂಗಳೂ ಇರಲಿಲ್ಲ.

"ನಾನೂ ಬತ್ತೆ," ಎಂದು ಅಕ್ಕ ಸೀರೆ ಬದಲಿಸಲು ಎದ್ದಳು. "ನಿನ್ನ ಒಬ್ಳನ್ನೇ ಬಿಟ್ರೆ ಮತ್ತೆ ಗಡಿಯಾರ ನೋಡ್ಕಂಡು ನೀರುಳ್ಳಿ ತತ್ತೆ."

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಹೊನ್ನಾವರ ದಾಟುವ ಹೊತ್ತಿಗೆ ಅವಳೊಂದು ಪ್ರಶ್ನೆ ಕೇಳಿದಳು. "ಆಸ್ಪತ್ರೇಲೂ ಹೀಗೇ ಮಾಡ್ತಿದ್ಯೇನೇ? ಗಂಟೆ ಆತು, ನುಂಗು ಅಂತ?"

ಚುಚ್ಚಿತು. ಯಾಕೆಂದರೆ ಆಸ್ಪತ್ರೆಯಲ್ಲಿ ನಾನು ಹಾಗೆ ಮಾಡುತ್ತಿರಲಿಲ್ಲ. ಹೃದಯದ ಒಂದು ಮಾತ್ರೆ ಇದೆ. ಎಂಟು ಗಂಟೆಗೆ ಎಂದು ಚಾರ್ಟಿನಲ್ಲಿ ಬರೆದಿದ್ದರೂ, ಕೊಡುವ ಮೊದಲು ನಾಡಿ ಎಣಿಸಬೇಕು. ಅರವತ್ತಕ್ಕಿಂತ ಕಡಿಮೆ ಬಂದರೆ ಮಾತ್ರೆ ತಡೆದು ಡಾಕ್ಟರಿಗೆ ಹೇಳಬೇಕು. ಎಷ್ಟು ಹೊಸ ಹುಡುಗಿಯರಿಗೆ ಇದನ್ನು ಬೈದು ಕಲಿಸಿಲ್ಲ! "ಗಡಿಯಾರ ಗೋಡೆ ಮೇಲಿದೆ, ಪೇಶೆಂಟ್ ಮಂಚದ ಮೇಲಿದ್ದಾನೆ. ಯಾರನ್ನು ನೋಡ್ತೀರಿ?"

ಗಂಟೆ ಮತ್ತು ನಾಡಿ, ಎರಡೂ ಸೇರಿದರೇ ಶಿಸ್ತು. ನಿವೃತ್ತಳಾಗಿ ಬರುವಾಗ ನಾನು ಗಂಟೆಯನ್ನು ಮಾತ್ರ ಮನೆಗೆ ತಂದೆನೇ?

ನಾನೊಬ್ಬಳೇ ಅಲ್ಲ ಬಿಡಿ. ಮೂರು ವರ್ಷ ತುಂಬಿತೆಂದು, ಇನ್ನೂ ನಿದ್ದೆಗಣ್ಣಿನ ಮಗುವನ್ನು ಎತ್ತಿ ವ್ಯಾನಿಗೆ ಹಾಕುತ್ತೇವೆ. ಆಫರ್ ಇವತ್ತೇ ಮುಗಿಯುತ್ತದೆಂದು, ಇರುವ ಫ್ರಿಜ್ ಚೆನ್ನಾಗಿದ್ದರೂ ಹೊಸದು ತರುತ್ತೇವೆ. ಕೆಲಸ ಮುಗಿಸಿದ್ದೇವೆ ಎಂಬ ಖುಷಿಯಲ್ಲಿ, ಸರಿಯಾಗಿ ಮಾಡಿದ್ದೇವೆಯೇ ಎಂದು ನೋಡುವುದನ್ನೇ ಬಿಡುತ್ತೇವೆ. ಒಂದು ಸಲ ಒತ್ತಿ ನೋಡಲು ಎಷ್ಟು ಹೊತ್ತು ಬೇಕು?

ಕುಮಟೆ ತಲುಪಿದಾಗ ಹನ್ನೊಂದೂವರೆ. ಹೈವೇ ಬದಿಯ ಸಾಲು ಮುಕ್ಕಾಲು ಖಾಲಿ. ಮಾದೇವಿ ಇದ್ದಳು, ಆದರೆ ಗಳದಲ್ಲಿ ಐದೇ ಗೊಂಚಲು. ನಾವು ರಸ್ತೆ ದಾಟುವಷ್ಟರಲ್ಲಿ ಕಾರಿನವರೊಬ್ಬರು ಮೂರನ್ನು ಡಿಕ್ಕಿಗೆ ಹಾಕಿಕೊಂಡರು. ಅಕ್ಕ ಕೈಯೆತ್ತಿ ಕೂಗಿದಳು, "ಏ, ಉಳಿದಿದ್ದು ನಂದು!"

ಮಾದೇವಿ ನಕ್ಕಳು. "ಹದಿನೈದು ದಿನ ಅಂದ್ರೆ ಇಪ್ಪತ್ತು ಮಾಡಿದ್ರಿ. ಬನ್ನಿ, ಈ ಸಲ ನೀವೇ ನೋಡಿ."

ಕುತ್ತಿಗೆ ಎಂದರೆ ಗಡ್ಡೆಗೆ ಎಲೆ ಸೇರುವ ಜಾಗ. ಎರಡು ಬೆರಳಿನಲ್ಲಿ ಹಿಡಿದು ಒತ್ತಿದೆ. ಒಣಗಿ ಸಪೂರವಾಗಿತ್ತು, ಒಂದು ಚೂರೂ ಮೆತ್ತಗಿರಲಿಲ್ಲ. ಒಂದೊಂದೇ ನೋಡುತ್ತಾ ಎರಡೂ ಗೊಂಚಲು ಮುಗಿಸಿದೆ.

"ನಾಡಿ ಸಿಕ್ತಾ?" ಅಕ್ಕ ಕೇಳಿದಳು.

"ಇಲ್ಲ."

"ಸಿಗದಿದ್ರೇ ಒಳ್ಳೇದು ಸಿಸ್ಟರಮ್ಮಾ, ಕಟ್ಟಿ ಕೊಡ್ತೆ," ಎಂದಳು ಮಾದೇವಿ.

ಎರಡೂ ಅಕ್ಕನಿಗೆ. ನನಗೆ ಈ ಮಳೆಗಾಲ ಪೇಟೆಯ ಈರುಳ್ಳಿಯೇ. ಅದು ನ್ಯಾಯವೂ ಹೌದು. ಆದರೂ ಬಸ್ಸಿನಲ್ಲಿ ಅಕ್ಕ ಬಿಡಲಿಲ್ಲ. "ಗಂಜಿ ಉಣ್ಣೂಕೆ ನಮ್ಮನೆಗೇ ಬಾ. ಆದ್ರೆ ಹಸಿವಾದಾಗ ಬಾ, ಹತ್ತು ಗಂಟೆ ಆತು ಅಂತ ಬರ್ಬೇಡ."

ಮಧ್ಯಾಹ್ನ ಮೂರು ಗಂಟೆ ಇಪ್ಪತ್ತು ನಿಮಿಷಕ್ಕೆ ಸ್ಟೂಲು ಹತ್ತಿ ಗೊಂಚಲುಗಳನ್ನು ತೂಗುಹಾಕಿದೆ. ಅಕ್ಕ ಸ್ಟೂಲು ಹಿಡಿದುಕೊಂಡಿದ್ದಳು. ಇಳಿದು ಕೈ ತೊಳೆದು, ಡೈರಿಯ ಕೊನೆಯ ಪುಟದಲ್ಲಿ ಮುಂದಿನ ವರ್ಷಕ್ಕೆ ಬರೆದಿಟ್ಟಿದ್ದ 'ಏಪ್ರಿಲ್ ಹದಿನೈದು: ಈರುಳ್ಳಿ' ಎಂಬುದನ್ನು ಹೊಡೆದುಹಾಕಿದೆ. ಅದರ ಕೆಳಗೆ ಬರೆದೆ: 'ಮಾದೇವಿ ಹೇಳಿದ ದಿನ ಈರುಳ್ಳಿ.' ಅವತ್ತಿನ ಕೆಲಸ ಅಲ್ಲಿಗೆ ಮುಗಿಯಿತು.

ಅಕ್ಕ ಕನ್ನಡಕ ಏರಿಸಿ ಓದಿದಳು. "ಆತು. ಅವಳನ್ನ ಕೇಳೂದು ಯಾವಾಗ?"

ಏಪ್ರಿಲ್ ಒಂದು, ಬೆಳಗ್ಗೆ ಎಂಟು ಗಂಟೆಗೆ. ಅದನ್ನು ಬಸ್ಸಿನಲ್ಲೇ ಬರೆದಾಗಿತ್ತು.